ಬರಿಗಿವಿ

ಆ ಊರಿನಲ್ಲಿ ಮನುಷ್ಯನ ಹೆಸರು ಕಿವಿಯ ತೂತಿನಿಂದ ಒಳಗೆ ಹೋಗುತ್ತಿತ್ತು.

ಐದು ತುಂಬುವವರೆಗೆ ಮಗು ಬರಿಯ ಕೂಸು. ಐದು ತುಂಬಿದ ಬೆಳಿಗ್ಗೆ ತಾಯಿ ಅದಕ್ಕೆ ಎಣ್ಣೆ ಹಚ್ಚಿ, ನೀರೆರೆದು, ಅಕ್ಕಸಾಲಿಯ ಅಂಗಳಕ್ಕೆ ಕರೆತಂದು, ಮಣೆಯ ಮೇಲೆ ಪೂರ್ವಕ್ಕೆ ಮುಖಮಾಡಿ ಕೂರಿಸುತ್ತಿದ್ದಳು. ಅಕ್ಕಸಾಲಿ ಚಿನ್ನದ ಸೂಜಿಯನ್ನು ಬೆಂಕಿಗೆ ತೋರಿಸಿ, ನೀರಿಗೆ ತೋರಿಸಿ, ಸೂರ್ಯನಿಗೆ ತೋರಿಸಿ, ಮೊದಲು ಬಲಗಿವಿ ಚುಚ್ಚುತ್ತಿದ್ದ, ಆಮೇಲೆ ಎಡಗಿವಿ. ಕೂಸು ಅಳಲು ಬಾಯಿ ತೆರೆದಾಗ ಆ ಬಾಯಿಗೆ ಒಂದು ಚೂರು ಬೆಲ್ಲ ಹಾಕುತ್ತಿದ್ದ. ಹಸಿ ತೂತಿನೊಳಗೆ ತಂತಿ ಎಳೆದು, ಅರಿಸಿನ ಸವರಿ, ಬಾಗಿ, ತುಟಿಯನ್ನು ಕಿವಿಯ ಹತ್ತಿರ ತಂದು ಹೆಸರು ಹೇಳುತ್ತಿದ್ದ. ಆ ಗಳಿಗೆಯಿಂದ ಕೂಸು ಮನುಷ್ಯ. ಅದರ ಜೊತೆ ಮಾತಾಡಬಹುದು, ಅದರ ಮಾತು ಕೇಳಬಹುದು.

ಅಲ್ಲಿನ ಕಟ್ಟಳೆ ಚಿಕ್ಕದು. ಚುಚ್ಚಿದ ಕಿವಿಗೆ ಹೇಳಿದ್ದು ಮಾತ್ರ ಮಾತು. ಚುಚ್ಚದ ಕಿವಿಗೆ ಹೇಳಿದರೆ ಅದು ಹೇಳಿದಂತಲ್ಲ. ಚುಚ್ಚದ ಕಿವಿಯವರು ಬಾಯಿ ಬಿಟ್ಟರೆ ಅದು ಗಾಳಿ.

ಆ ಊರಿನಲ್ಲಿ ಒಬ್ಬಳಿದ್ದಳು, ಅವಳ ಕಿವಿಯಲ್ಲಿ ತೂತು ನಿಲ್ಲುತ್ತಿರಲಿಲ್ಲ.

ಐದನೆಯ ವರ್ಷ ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ತಂತಿ ಚಾಪೆಯ ಮೇಲೆ ಬಿದ್ದಿತ್ತು, ಕಿವಿ ಮೊದಲಿನಂತೆ ನುಣ್ಣಗಿತ್ತು. ರಕ್ತವಿಲ್ಲ, ಕಲೆಯಿಲ್ಲ, ಕಿವಿಯಲ್ಲಿ ಹೇಳಿದ ಹೆಸರೂ ಲೆಕ್ಕಕ್ಕಿಲ್ಲ. ಆರನೆಯ ವರ್ಷ ಚುಚ್ಚಿದರು, ಮುಚ್ಚಿಕೊಂಡಿತು. ಏಳನೆಯ ವರ್ಷ ಚುಚ್ಚಿದರು, ಮುಚ್ಚಿಕೊಂಡಿತು. ಹೀಗೆ ಏಳು ವರ್ಷ, ಏಳು ಸಲ. ಏಳು ಸಲವೂ ಅಕ್ಕಸಾಲಿ ಅವಳ ಬಾಯಿಗೆ ಬೆಲ್ಲ ಹಾಕಿದ. ಏಳನೆಯ ಸಲ ಸೂಜಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ‘ಈ ಮೈಗೆ ನನ್ನ ಸೂಜಿ ಬೇಡವಂತೆ, ತಾಯಿ’ ಎಂದ. ಅವಳ ತಾಯಿ ಮಣೆಯ ಪಕ್ಕದಲ್ಲೇ ಕೂತು ಅತ್ತಳು.

ಅವತ್ತಿನಿಂದ ಅವಳು ಬರಿಗಿವಿ. ಅದು ಹೆಸರಲ್ಲ. ಕೊಡಕ್ಕೆ ಕೊಡ ಅಂದಹಾಗೆ, ಕಂಬಕ್ಕೆ ಕಂಬ ಅಂದಹಾಗೆ.

ತಾಯಿ ಬದುಕಿದ್ದಷ್ಟು ದಿನ ಗೋಡೆಗೆ ಮುಖಮಾಡಿ ಮಾತಾಡುತ್ತಿದ್ದಳು. ‘ಅನ್ನ ಆರುತ್ತಾ ಇದೆ, ಯಾರಾದರೂ ಬಂದು ಉಂಡರೆ ಚೆನ್ನಾಗಿತ್ತು’ ಎಂದು ಗೋಡೆಗೆ ಹೇಳುತ್ತಿದ್ದಳು. ಮಗಳು ಬಂದು ಉಣ್ಣುತ್ತಿದ್ದಳು. ‘ಯಾರಿಗೋ ಜ್ವರ ಬಂದಹಾಗಿದೆ’ ಎಂದು ಗೋಡೆಗೆ ಹೇಳಿ ಮಗಳ ಹಣೆ ಮುಟ್ಟುತ್ತಿದ್ದಳು. ಕಟ್ಟಳೆಯನ್ನೂ ಮುರಿಯಲಿಲ್ಲ, ಮಗಳನ್ನೂ ಬಿಡಲಿಲ್ಲ. ತಾಯಿ ಹೋದ ಮೇಲೆ ಗೋಡೆಯೂ ಸುಮ್ಮನಾಯಿತು.

ಬರಿಗಿವಿ ಅರಿಸಿನ ಬೀಸಿ ಬದುಕುತ್ತಿದ್ದಳು. ಕೆರೆಯ ದಾರಿ ತಿರುಗುವಲ್ಲಿ ಅವಳ ಗುಡಿಸಲು, ಗುಡಿಸಲಿನ ಮುಂದೆ ಚಪ್ಪರ, ಚಪ್ಪರದ ಕೆಳಗೆ ಬೀಸುವ ಕಲ್ಲು. ಅವಳ ಕೈ ಹಳದಿ, ಅವಳ ಸೆರಗು ಹಳದಿ, ಅವಳು ನಡೆದ ನೆಲವೂ ಹಳದಿ. ಕಿವಿ ಚುಚ್ಚಿದ ಗಾಯಕ್ಕೆ ಹಚ್ಚುವ ಅರಿಸಿನವೂ ಅವಳು ಬೀಸಿದ್ದೇ.

ಮೊದಲು ಬಂದವನು ಕುಂಬಾರ. ಅವನು ಕಲ್ಲಿನ ಎದುರು ಕುಕ್ಕರಗಾಲಿನಲ್ಲಿ ಕೂತು, ಅತ್ತ ಇತ್ತ ನೋಡಿ, ‘ನನ್ನ ತಮ್ಮನ ಮಡಕೆ ನನ್ನದಕ್ಕಿಂತ ಚೆನ್ನಾಗಿದೆ. ಹೋದ ವಾರ ಅವನು ಆವಿಗೆಯಲ್ಲಿ ಸುಡಲು ಇಟ್ಟಿದ್ದ ಮಡಕೆಗಳ ಮೇಲೆ ನೀರು ಹಾಕಿದೆ. ಎಲ್ಲಾ ಒಡೆದವು. ಮಳೆ ಬಂತು ಅಂದೆ’ ಎಂದ. ಹೇಳಿ ದೊಡ್ಡ ಉಸಿರು ಬಿಟ್ಟ. ಆ ಉಸಿರಿಗೆ ಕಲ್ಲಿನ ಸುತ್ತ ಇದ್ದ ಅರಿಸಿನ ಹಾರಿತು. ಎದ್ದು ಹೋಗುವಾಗ ಅವನ ಬೆನ್ನು ನೆಟ್ಟಗಿತ್ತು.

ಬರಿಗಿವಿ ಒಂದು ಮಾತು ಹೇಳಿದಳು. ‘ನಿನ್ನ ತಮ್ಮನಿಗೆ ಗೊತ್ತು. ಮಳೆ ಬಂತೋ ಇಲ್ಲವೋ ಅಂತ ಅವನಿಗೂ ಕಾಣುತ್ತದೆ.’ ಕುಂಬಾರ ಹೆಗಲ ಮೇಲೆ ಎಲೆ ಬಿದ್ದವನಂತೆ ಕೈಯಿಂದ ಕೊಡವಿಕೊಂಡು ಹೋದ.

ಆಮೇಲೆ ಎಲ್ಲರೂ ಬಂದರು. ಚುಚ್ಚದ ಕಿವಿಗೆ ಹೇಳಿದರೆ ಹೇಳಿದಂತಲ್ಲ, ಎದೆಯಲ್ಲಿದ್ದದ್ದು ಮಾತ್ರ ಇಳಿದುಹೋಗುತ್ತದೆ. ಓದಿಸುವವನು ಬಂದು, ‘ಸಣ್ಣ ಅಕ್ಷರ ನನಗೆ ಕಾಣದೆ ಮೂರು ವರ್ಷ ಆಯಿತು, ಬಾಯಿಪಾಠದಿಂದ ಓದಿಸುತ್ತಿದ್ದೇನೆ’ ಎಂದ. ಮದುಮಗಳು ಬಂದು, ‘ಗಂಡ ನಕ್ಕರೆ ನನಗೆ ಹೆದರಿಕೆ’ ಎಂದಳು. ಊರಿನ ಹಿರಿಯ ಬಂದು, ತಾನು ತೀರ್ಪು ಕೊಟ್ಟ ಮೂರು ಜಗಳಗಳಲ್ಲಿ ತಪ್ಪು ಯಾರದೆಂದು ತನಗೆ ಇವತ್ತಿಗೂ ತಿಳಿಯದು ಎಂದ. ಹೇಳಿದವರು ಚಪ್ಪರದ ಮೂಲೆಯ ಕೊಡದಿಂದ ನೀರು ತೆಗೆದು ಬಾಯಿ ಮುಕ್ಕಳಿಸಿ, ಒಂದು ಹಿಡಿ ಅರಿಸಿನ ತೆಗೆದುಕೊಂಡು, ಹಗುರಾಗಿ ನಡೆದು ಹೋಗುತ್ತಿದ್ದರು.

ಹೀಗೆ ಮೂವತ್ತು ವರ್ಷ. ಅವಳು ಬೀಸುತ್ತಿದ್ದಳು, ಅವರು ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಏನೂ ಕೇಳಲಿಲ್ಲ.

ಒಂದು ದಿನ ಆ ಊರಿಗೆ ಹಚ್ಚೆ ಹಾಕುವವಳು ಬಂದಳು.

ಅವಳ ಕಿವಿಯ ಅಂಚಿನುದ್ದಕ್ಕೂ ತೂತುಗಳು, ಒಂದೊಂದರಲ್ಲಿ ಒಂದೊಂದು ಓಲೆ. ಅದನ್ನು ಕಂಡು ಊರು ಮೆಚ್ಚಿತು. ಇಷ್ಟು ತೂತಿದ್ದರೆ ಎಷ್ಟು ಚೆನ್ನಾಗಿ ಕೇಳಿಸಬೇಕು ಎಂದು ಜನ ಆಡಿಕೊಂಡರು. ಅವಳು ಕೊಡ ಎತ್ತಲು ಕೈ ಚಾಚಿದಾಗ ಸೆರಗು ಸರಿಯಿತು. ತೋಳಿನ ತುಂಬ ಹಸಿರು ಹಚ್ಚೆ ಕಂಡಿತು. ಮೊಣಕೈಯಿಂದ ಮುಂಗೈವರೆಗೆ ಬಳ್ಳಿ, ಚುಕ್ಕಿ, ಚೇಳು, ತೊಟ್ಟಿಲು. ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಕಿವಿಯ ತೂತು ಬಾಗಿಲಿದ್ದಹಾಗೆ, ಮೈಮೇಲಿನ ಹಚ್ಚೆ ಗೋಡೆಗೆ ಮೆತ್ತಿದ ಮಸಿಯಹಾಗೆ ಎಂದು ಹಿರಿಯ ಮಕ್ಕಳಿಗೆ ತಿಳಿಹೇಳಿದ. ಅದೂ ಸೂಜಿ, ಇದೂ ಸೂಜಿ, ಅದೂ ಮೈ, ಇದೂ ಮೈ ಎಂದು ಯಾರಿಗೂ ಅನ್ನಿಸಲಿಲ್ಲ. ಅವಳಿಗೆ ಊರೊಳಗೆ ಜಾಗ ಕೊಡಲಿಲ್ಲ. ಅವಳು ಕೆರೆಯ ಏರಿಯ ಹುಣಿಸೆ ಮರದ ಕೆಳಗೆ ಗಂಟು ಬಿಚ್ಚಿದಳು.

ಹಚ್ಚೆ ಹಾಕಿದ ಮೇಲೆ ಗಾಯಕ್ಕೆ ಅರಿಸಿನ ಬೇಕು. ಅವಳು ಚಪ್ಪರಕ್ಕೆ ಬಂದಳು.

‘ಅಕ್ಕಾ, ಒಂದು ಹಿಡಿ ಅರಿಸಿನ ಕೊಡುತ್ತೀಯಾ?’

ಬರಿಗಿವಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

‘ನಿನ್ನನ್ನೇ ಕೇಳಿದ್ದು. ನನ್ನ ಹೆಸರು ಸಂಕವ್ವ. ನಿನ್ನ ಹೆಸರೇನು?’

ಬೀಸುವ ಕಲ್ಲು ನಿಂತಿತು. ‘ಇಲ್ಲ’ ಎಂದಳು ಬರಿಗಿವಿ. ಅದು ಕೇಳಿಸೀತೆಂದು ಅವಳು ಅಂದುಕೊಂಡಿರಲಿಲ್ಲ.

‘ಇಲ್ಲ ಅಂದರೆ?’ ಎಂದಳು ಹಚ್ಚೆಯವಳು. ಅಂದರೆ ಕೇಳಿಸಿತ್ತು.

ಬರಿಗಿವಿ ಅರಿಸಿನ ಕಟ್ಟಿಕೊಟ್ಟಳು. ಅವತ್ತು ಅವಳು ಬೇರೇನೂ ಮಾತಾಡಲಿಲ್ಲ. ಒಂದು ‘ಇಲ್ಲ’ ಆಡಿದ್ದಕ್ಕೇ ಅವಳಿಗೆ ಹೊಟ್ಟೆ ತುಂಬಿದಂತಾಗಿತ್ತು.

ಆ ದಿನಗಳಲ್ಲಿ ಊರಿಗೆ ಇನ್ನೊಂದು ಚಿಂತೆ ಇತ್ತು. ಹೋದ ಹುಣ್ಣಿಮೆಗೆ ಕಿವಿ ಚುಚ್ಚಿದ ಒಂದು ಹೆಣ್ಣು ಕೂಸಿನ ಬಲಗಿವಿ ಕೀವಾಗಿ ಊದಿಕೊಂಡಿತ್ತು. ಸೂಜಿ ಮೂರು ಸಲ ತಪ್ಪಿ ಮೂರು ಕಡೆ ಹೋಗಿತ್ತು. ಹೆಸರು ಹೇಳುವ ಮೊದಲೇ ತಂತಿ ತೆಗೆಯಬೇಕಾಯಿತು. ಆ ಕೂಸಿನ ತಾಯಿ ದಿನವೂ ಮಗಳ ಕಿವಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ತೂತು ಮುಚ್ಚಿಕೊಳ್ಳುತ್ತಿದೆಯೇ? ತನ್ನ ಮಗಳೂ ಇನ್ನೊಬ್ಬ ಬರಿಗಿವಿ ಆಗುತ್ತಾಳೆಯೇ? ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಬೇರೆಯವರೂ ಆ ಕೂಸನ್ನು ಕಂಡಾಗ ಮಾತು ನಿಲ್ಲಿಸಿ ಅತ್ತ ನೋಡತೊಡಗಿದ್ದರು. ನಾಳೆ ಬೆಳಿಗ್ಗೆ ಮತ್ತೆ ಚುಚ್ಚುವುದೆಂದು ಹಿರಿಯ ಗೊತ್ತುಮಾಡಿದ.

ಆ ಸಂಜೆ ಹೊತ್ತು ಮುಳುಗುವ ಮುಂಚೆ ಅಕ್ಕಸಾಲಿ ಬರಿಗಿವಿಯ ಚಪ್ಪರಕ್ಕೆ ಬಂದ. ಅವನಿಗೆ ಈಗ ತುಂಬ ವಯಸ್ಸಾಗಿತ್ತು. ಕಲ್ಲಿನ ಎದುರು ಕೂರಲು ಅವನಿಗೆ ಹೊತ್ತು ಹಿಡಿಯಿತು.

‘ನನ್ನ ಕಣ್ಣಿಗೆ ಈಗ ಕಿವಿಯೂ ಒಂದೇ, ವೀಳ್ಯದೆಲೆಯೂ ಒಂದೇ. ಆ ಕೂಸಿಗೆ ಮೂರು ಸಲ ಚುಚ್ಚಿದೆ. ಮೂರನೆಯ ಸಲ ಅದು ಅಳಲೂ ಇಲ್ಲ, ನನ್ನ ಮುಖವನ್ನೇ ನೋಡಿತು. ಬೆಲ್ಲ ಹಾಕಲು ಹೋದರೆ ಬಾಯಿ ಎಲ್ಲಿದೆ ಅಂತ ಕಾಣದೆ ಗಲ್ಲಕ್ಕೆ ಒತ್ತಿದೆ. ನಾಳೆ ಮತ್ತೆ ಚುಚ್ಚು ಅನ್ನುತ್ತಾರೆ. ಆಗಲ್ಲ ಅಂದರೆ ನಾನು ಯಾರು? ಊರಿನ ಹೆಸರೆಲ್ಲ ನನ್ನ ಬಾಯಿಂದ ಹೋದದ್ದು. ಸೂಜಿಯನ್ನು ಕೆರೆಗೆ ಎಸೆದುಬಿಟ್ಟೆ. ಈಗ ಬರುವಾಗ ಎಸೆದೆ.’

ಹೇಳಿ ಅವನು ಅತ್ತ. ಬಾಯಿ ಮುಕ್ಕಳಿಸಿದ. ಅರಿಸಿನ ತೆಗೆದುಕೊಳ್ಳಲು ಮರೆತು ಹೋದ.

ಬೆಳಿಗ್ಗೆ ಅಂಗಳದಲ್ಲಿ ಜನ ಸೇರಿದರು. ತಾಯಿ ಕೂಸನ್ನು ಮಣೆಯ ಮೇಲೆ ಕೂರಿಸಿದಳು. ಅಕ್ಕಸಾಲಿ ಸೂಜಿಯ ಬಟ್ಟೆ ಬಿಚ್ಚಿದ. ಬಟ್ಟೆ ಖಾಲಿ.

‘ಸೂಜಿ ಎಲ್ಲಿ?’ ಎಂದ ಹಿರಿಯ.

‘ಕಾಣಿಸುತ್ತಿಲ್ಲ’ ಎಂದ ಅಕ್ಕಸಾಲಿ.

ಅದು ಸುಳ್ಳಲ್ಲ. ಆದರೆ ಜನ ಅದನ್ನು ಬೇರೆ ರೀತಿ ಕೇಳಿಸಿಕೊಂಡರು. ಹೆಸರು ಕೊಡುವ ಸೂಜಿ, ಅಜ್ಜಂದಿರ ಕಾಲದ ಸೂಜಿ, ಇದ್ದಕ್ಕಿದ್ದಂತೆ ಹೇಗೆ ಹೋದೀತು? ಊರಿನಲ್ಲಿ ಸೂಜಿಯಿಂದ ಹೊಟ್ಟೆ ಹೊರೆಯುವವರು ಇನ್ಯಾರಿದ್ದಾರೆ? ಯಾರೋ ಒಬ್ಬ ಕೆರೆಯ ಕಡೆ ಕೈ ತೋರಿಸಿದ. ಕೂಸಿನ ತಾಯಿಯೂ ಕೂಗಿದಳು: ‘ನನ್ನ ಮಗಳ ಕಿವಿ ಕೆಟ್ಟದ್ದು ಅವಳ ನೆರಳಿನಿಂದಲೇ!’ ಕಿವಿ ಕೆಟ್ಟದ್ದು ಹುಣ್ಣಿಮೆಗೆ, ಅವಳು ಬಂದದ್ದು ಮೊನ್ನೆ. ಆದರೆ ಭಯಪಟ್ಟ ತಾಯಿಗೆ ದಿನ ಎಣಿಸುವಷ್ಟು ಸಮಾಧಾನ ಇರಲಿಲ್ಲ. ಅಕ್ಕಸಾಲಿ ಬಾಯಿ ತೆರೆದ, ಮುಚ್ಚಿದ.

ಹಚ್ಚೆಯವಳನ್ನು ಹಿಡಿದು ತಂದರು. ಅವಳ ಗಂಟಿನಲ್ಲಿ ಮೂರು ಕಬ್ಬಿಣದ ಸೂಜಿ, ಒಂದು ಚಿಪ್ಪು ದೀಪದ ಮಸಿ, ಒಣಗಿದ ಸೊಪ್ಪು ಇದ್ದವು. ಮಸಿ ಮುಟ್ಟಲು ಯಾರಿಗೂ ಮನಸ್ಸಿಲ್ಲದೆ ಗಂಟನ್ನು ಅವಳ ಮೇಲೇ ಎಸೆದರು.

‘ದನ ಮನೆಗೆ ಬರುವ ಹೊತ್ತಿಗೆ ಸೂಜಿ ಸಿಗಬೇಕು. ಸಿಗದಿದ್ದರೆ ಇವಳ ಕಿವಿಯ ಅಂಚನ್ನು ಸೀಳಿಬಿಡಿ. ಒಂದು ತೂತೂ ಉಳಿಯಬಾರದು’ ಎಂದು ಹಿರಿಯ ತೀರ್ಪು ಕೊಟ್ಟ.

ಅಲ್ಲಿಯವರೆಗೆ ಅವಳನ್ನು ಎಲ್ಲಿ ಕೂಡಿಹಾಕುವುದು? ಯಾರ ಮನೆಯಲ್ಲಿಟ್ಟರೂ ಅವಳು ಮಾತಾಡಿ ಒಲಿಸಿಕೊಂಡಾಳು. ಮಾತು ಬೀಳದ ಜಾಗ ಒಂದೇ. ಅವಳ ಕೈಗಳನ್ನು ಮುಂದಕ್ಕೆ ಕಟ್ಟಿ, ಬರಿಗಿವಿಯ ಗುಡಿಸಲೊಳಗೆ ಗಂಟಿನ ಸಮೇತ ಬಿಟ್ಟು, ಹೊರಗೆ ಇಬ್ಬರು ಕಾವಲು ಕೂತರು.

ಒಳಗೆ ಬಿಸಿಲು ಗೋಡೆಯ ತಡಿಕೆಯ ಸಂದಿನಿಂದ ಗೆರೆಗೆರೆಯಾಗಿ ಬೀಳುತ್ತಿತ್ತು. ಬರಿಗಿವಿ ಅವಳ ಕೈಕಟ್ಟು ಬಿಚ್ಚಿ ನೀರು ಕೊಟ್ಟಳು. ಆಮೇಲೆ ಇಡೀ ಆಯುಷ್ಯದಲ್ಲಿ ಆಡದಷ್ಟು ಮಾತನ್ನು ಒಮ್ಮೆಗೇ ಆಡಿದಳು.

‘ಸೂಜಿ ನೀನು ಕದ್ದಿಲ್ಲ. ಅಕ್ಕಸಾಲಿ ಕೆರೆಗೆ ಎಸೆದ. ಅವನಿಗೆ ಕಣ್ಣು ಕಾಣಲ್ಲ. ನನ್ನ ಎದುರು ಕೂತು ಹೇಳಿದ.’

ಹಚ್ಚೆಯವಳು ನೆಟ್ಟಗೆ ಕೂತಳು. ‘ಹಾಗಾದರೆ ಹೋಗಿ ಹೇಳು!’

‘ನಾನು ಹೇಳಿದರೆ ಗಾಳಿ. ಕೂಗಿದರೂ ಗಾಳಿ. ಹೊರಗಿರುವ ಇಬ್ಬರಿಗೂ ಈಗ ಕೇಳಿಸುತ್ತಿದೆ, ನೋಡು, ತಿರುಗಿಯೂ ನೋಡಲ್ಲ.’ ಅವಳು ಮತ್ತೆ ಹೇಳಿದಳು. ‘ಇನ್ನೊಂದು. ಅವನು ನನಗೆ ಏಳು ಸಲ ಬೆಲ್ಲ ಕೊಟ್ಟವನು. ನನ್ನನ್ನು ನಂಬಿ ಹೇಳಿದ್ದಾನೆ.’

‘ನಂಬಿ ಅಲ್ಲ. ನೀನು ಲೆಕ್ಕಕ್ಕಿಲ್ಲ ಅಂತ ಹೇಳಿದ್ದು.’

ಆ ಮಾತು ಬರಿಗಿವಿಗೆ ನಾಟಿತು. ಅವಳು ನೆಲವನ್ನು ನೋಡಿದಳು. ಮೂವತ್ತು ವರ್ಷ ಎದುರಿಗೆ ಬಂದು ಕೂತವರ ಮುಖಗಳೆಲ್ಲ ಅವಳ ಕಣ್ಣ ಮುಂದೆ ಹಾದುಹೋದವು. ಯಾರ ಮೇಲೂ ಅವಳಿಗೆ ಸಿಟ್ಟು ಬರಲಿಲ್ಲ. ಆದರೆ ಎದುರಿಗಿದ್ದವಳ ಕಿವಿಯಲ್ಲಿ ಒಂದೊಂದು ಓಲೆಯೂ ಬಿಸಿಲಿಗೆ ಮಿನುಗುತ್ತಿತ್ತು. ಸಂಜೆ ಆ ಕಿವಿಯನ್ನು ಸೀಳುತ್ತಾರೆ.

‘ನಿನ್ನ ಹಚ್ಚೆ ಅಳಿಸಿಹೋಗುತ್ತದೆಯೇ?’ ಎಂದು ಕೇಳಿದಳು.

‘ಮೈ ಮಣ್ಣಾಗುವ ತನಕ ಇಲ್ಲ.’

‘ನನ್ನ ಕಿವಿಗೆ ಹಾಕು. ಎರಡಕ್ಕೂ. ತೂತು ಇರಬೇಕಾದ ಜಾಗದಲ್ಲಿ ಒಂದೊಂದು ಚುಕ್ಕಿ.’

ಹಚ್ಚೆಯವಳು ಅವಳ ಮುಖ ನೋಡಿದಳು. ‘ಹಚ್ಚೆ ಇದ್ದವರನ್ನು ಈ ಊರು ಹೇಗೆ ನೋಡುತ್ತದೆ ಅಂತ ಕಂಡಿದ್ದೀಯ. ಇಲ್ಲಿಯವರೆಗೆ ನಿನ್ನನ್ನು ಸುಮ್ಮನೆ ಬಿಟ್ಟಿದ್ದಾರೆ. ನಾಳೆ ಕಲ್ಲೆಸೆದರೆ?’

‘ಕಲ್ಲೆಸೆಯಬೇಕಾದರೂ ನನ್ನ ಕಡೆ ನೋಡಬೇಕಲ್ಲ’ ಎಂದಳು ಬರಿಗಿವಿ.

ಹಚ್ಚೆಯವಳಿಗೆ ನಗು ಬಂತು. ನಗುತ್ತಲೇ ಒಣಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸವನ್ನು ಮಸಿಗೆ ಕಲಸಿದಳು. ಮೂರು ಸೂಜಿಗಳನ್ನು ದಾರದಿಂದ ಬಿಗಿದಳು. ಬರಿಗಿವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಏನೋ ಗುನುಗುತ್ತಾ ಚುಚ್ಚತೊಡಗಿದಳು. ಅಕ್ಕಸಾಲಿಯ ಸೂಜಿ ಒಂದೇ ಸಲ ಹೋಗಿ ಬರುತ್ತಿತ್ತು. ಇದು ನೂರು ಸಲ ಹೋಯಿತು, ನೂರು ಸಲ ಬಂತು. ಬರಿಗಿವಿಯ ಕಣ್ಣಿನಿಂದ ನೀರು ಇಳಿದು ಹಚ್ಚೆಯವಳ ಸೀರೆ ನೆನೆಯಿತು.

ಚುಚ್ಚಿ ಮುಗಿದ ಮೇಲೆ ಇಬ್ಬರೂ ಕಾದರು. ಬರಿಗಿವಿಗೆ ಒಂದೇ ಭಯ: ತಂತಿಯನ್ನು ನೂಕಿದ ಹಾಗೆ ತನ್ನ ಮೈ ಈ ಚುಕ್ಕಿಯನ್ನೂ ನೂಕಿದರೆ? ಹಚ್ಚೆಯವಳು ತಟ್ಟೆಯಲ್ಲಿ ನೀರು ತುಂಬಿ ಅವಳ ಮುಂದೆ ಹಿಡಿದಳು. ಅವಳು ನೋಡಿದಳು, ಚುಕ್ಕಿ ಇತ್ತು. ಬಿಸಿಲಿನ ಗೆರೆ ಗೋಡೆಯಿಂದ ನೆಲಕ್ಕೆ ಸರಿಯಿತು. ಮತ್ತೆ ನೋಡಿದಳು, ಇತ್ತು. ಬಿಸಿಲಿನ ಗೆರೆ ಬಾಗಿಲಿಗೆ ಸರಿಯಿತು. ಮತ್ತೆ ನೋಡಿದಳು. ಕಿವಿ ಊದಿತ್ತು, ಕೆಂಪಾಗಿತ್ತು, ಊತದ ನಡುವೆ ಹುರುಳಿ ಕಾಳಿನಷ್ಟು ದೊಡ್ಡ ಚುಕ್ಕಿ ಕಪ್ಪಗೆ, ಗಟ್ಟಿಯಾಗಿ ಕೂತಿತ್ತು.

‘ಹೋಗಲಿಲ್ಲ’ ಎಂದಳು. ಎರಡು ಸಲ ಹೇಳಿದಳು.

ದನ ಮನೆಗೆ ಬರುವ ಹೊತ್ತಾಯಿತು. ಅಂಗಳದಲ್ಲಿ ಜನ ನಿಂತಿದ್ದರು. ನಡುವೆ ಹಚ್ಚೆಯವಳನ್ನು ಅದೇ ಮಣೆಯ ಮೇಲೆ ಕೂರಿಸಿದರು. ಕತ್ತಿ ಮಸೆದವನು ಹಿರಿಯನ ಪಕ್ಕದಲ್ಲಿದ್ದ. ಅಕ್ಕಸಾಲಿ ತನ್ನ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ.

‘ನಿಲ್ಲಿ’ ಎಂದಳು ಬರಿಗಿವಿ.

ಜನ ಎಲೆ ಬಿದ್ದವರಂತೆ ಹೆಗಲು ಕೊಡವಿಕೊಂಡರು. ಅವಳು ಜನರ ನಡುವೆ ನಡೆದು ಮುಂದೆ ಬಂದು, ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಎತ್ತಿ ಹಿಡಿದು ನಿಂತಳು.

ಮೊದಲು ಹೆಂಗಸರು ಕಂಡರು. ‘ಅಯ್ಯೋ, ಮಸಿ!’ ಎಂದರು. ಆಮೇಲೆ ಎಲ್ಲರೂ ಕಂಡರು. ಅಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಅವಳಿಗೆ ಅದೇ ಮೊದಲು.

‘ಇದು ತೂತಲ್ಲ’ ಎಂದ ಹಿರಿಯ.

ಮಣೆಯ ಮೇಲಿಂದ ಹಚ್ಚೆಯವಳು ಹೇಳಿದಳು: ‘ಸೂಜಿ ಒಳಗೆ ಹೋಗಿದೆ, ಹೊರಗೆ ಬಂದಿದೆ. ಗುರುತು ನಿಂತಿದೆ. ನಿಮ್ಮ ಕಟ್ಟಳೆಯಲ್ಲಿ ಚುಚ್ಚಿದ ಕಿವಿ ಅಂತ ಇದೆಯೋ, ಓಲೆ ಹಾಕಿದ ಕಿವಿ ಅಂತ ಇದೆಯೋ?’

ಹಿರಿಯ ಗಡ್ಡ ನೀವಿಕೊಂಡ. ಕಟ್ಟಳೆಯಲ್ಲಿ ಚುಚ್ಚಿದ ಕಿವಿ ಅಂತಲೇ ಇತ್ತು. ‘ಯಾವುದು ಕಿವಿ, ಯಾವುದು ಅಲ್ಲ ಅಂತ ಹೇಳಬೇಕಾದವನು ಅಕ್ಕಸಾಲಿ. ಅವನೇ ನೋಡಲಿ’ ಎಂದ.

ಅಕ್ಕಸಾಲಿ ಕಂಬ ಬಿಟ್ಟು ಬಂದ. ನೋಡಲು ಅವನಿಗೆ ಕಣ್ಣಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಅವಳ ಕಿವಿ ಹಿಡಿದ. ಏಳು ಸಲ ಹಿಡಿದ ಕಿವಿ ಅವನ ಬೆರಳಿಗೆ ಗೊತ್ತಿತ್ತು, ಯಾವಾಗಲೂ ಹೂವಿನ ಎಸಳಿನಂತೆ ತಣ್ಣಗಿರುತ್ತಿತ್ತು. ಈಗ ಬಿಸಿಯಾಗಿತ್ತು, ಊದಿತ್ತು, ಮುಟ್ಟಿದರೆ ಅವಳ ಮೈ ಜುಂ ಎಂದದ್ದು ಅವನ ಕೈಗೂ ತಿಳಿಯಿತು. ಇವಳು ಬಾಯಿ ಬಿಟ್ಟರೆ ತಾನು ಮುಗಿದೆನೆಂದು ಅವನಿಗೆ ಗೊತ್ತಿತ್ತು. ‘ಇದು ಕಿವಿಯಲ್ಲ’ ಎಂದರೆ ಸಾಕಿತ್ತು. ಊರು ಅದನ್ನು ನಂಬಲು ಕಾದು ನಿಂತಿತ್ತು.

‘ಕಿವಿಯೋ, ಅಲ್ಲವೋ?’ ಎಂದ ಹಿರಿಯ.

ಅಕ್ಕಸಾಲಿ ತಡಮಾಡಿದ. ಕತ್ತಿ ಹಿಡಿದವನು ಕಾಲು ಬದಲಿಸಿ ನಿಂತ. ಕೂಸು ಎಲ್ಲೋ ಕೆಮ್ಮಿತು.

‘ಕಿವಿ. ಚುಚ್ಚಿದ ಕಿವಿ’ ಎಂದ.

ಬರಿಗಿವಿ ಅವನ ಕೈಯನ್ನೇ ಹಿಡಿದುಕೊಂಡು ನಿಂತಳು. ಎಲ್ಲರಿಗೂ ಕೇಳುವಂತೆ, ಆದರೆ ಅವನೊಬ್ಬನಿಗೇ ಹೇಳುವಂತೆ ಹೇಳಿದಳು.

‘ಅಜ್ಜ, ನೀವು ನಿನ್ನೆ ಹೇಳಿದ್ದು ಹೇಳಿದಂತಲ್ಲ. ಈಗ ಹೇಳಿದರೆ ಅದು ಮಾತು. ನೀವೇ ಹೇಳಿ. ನೀವು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ. ಅದು ನನಗೆ ಇಷ್ಟವಿಲ್ಲ.’

ಮುದುಕ ಅಂಗಳದ ನಡುವೆ ನಿಂತು ಹೇಳಿದ. ಕಣ್ಣು ಕಾಣದ್ದನ್ನು ಹೇಳಿದ. ಮೂರು ಸಲ ಚುಚ್ಚಿದ್ದನ್ನು ಹೇಳಿದ. ಸೂಜಿ ಕೆರೆಯಲ್ಲಿದೆ ಎಂದ. ‘ಬೆಳಿಗ್ಗೆ ನೀವು ಇವಳನ್ನು ಹಿಡಿದಾಗ ಹೇಳಬೇಕಿತ್ತು, ಬಾಯಿ ಬರಲಿಲ್ಲ’ ಎಂದ. ಹೇಳುತ್ತಾ ಹೇಳುತ್ತಾ ಅವನ ದನಿ ಗಟ್ಟಿಯಾಯಿತು. ಮುಗಿಸಿದಾಗ ಅವನು, ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡರೆಂಬಂತೆ, ಮಣೆಯ ಅಂಚಿನಲ್ಲಿ ಹಚ್ಚೆಯವಳ ಪಕ್ಕದಲ್ಲೇ ಕೂತುಬಿಟ್ಟ. ‘ಇನ್ನು ನಾನು ಚುಚ್ಚಬೇಕಾಗಿಲ್ಲ’ ಎಂದು ತನಗೆ ತಾನೇ ಹೇಳಿಕೊಂಡ.

ಕೂಸಿನ ತಾಯಿ ಮುಂದೆ ಬಂದಳು. ‘ಮೊದಲ ಸಲ ತಪ್ಪಿದಾಗಲೇ ಹೇಳಬಾರದಿತ್ತಾ, ಅಜ್ಜ? ನಾನು ಎಷ್ಟು ದಿನ ಅನ್ನ ಬಿಟ್ಟೆ!’

‘ಹೇಳಬೇಕಿತ್ತು, ತಾಯಿ.’

ಅವಳು ಇನ್ನೂ ಬೈಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಹೊಳೆಯಿತು: ತೂತನ್ನು ಮಗಳ ಕಿವಿ ಒಲ್ಲೆ ಅಂದದ್ದಲ್ಲ, ಮುದುಕನ ಕಣ್ಣು ತಪ್ಪಿದ್ದು, ಅಷ್ಟೇ. ಬೈಗುಳ ಅಳುವಾಯಿತು, ಅಳು ನಗುವಾಯಿತು. ಕೂಸನ್ನು ಎತ್ತಿಕೊಂಡು ಅದರ ಊದಿದ ಕಿವಿಯ ಸುತ್ತ ಮುತ್ತಿಟ್ಟಳು. ಆಮೇಲೆ ಹಚ್ಚೆಯವಳ ಮುಂದೆ ನಿಂತು, ‘ನಿನ್ನ ನೆರಳು ಅಂದೆ. ತಪ್ಪಾಯಿತು’ ಎಂದಳು.

‘ಆ ಕಿವಿಗೆ ಬೇವಿನೆಣ್ಣೆ ಬೇಕು. ಮೊದಲು ನನ್ನನ್ನು ಈ ಮಣೆಯಿಂದ ಏಳಿಸಿ’ ಎಂದಳು ಹಚ್ಚೆಯವಳು.

ಕತ್ತಿ ಹಿಡಿದವನು ಕತ್ತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಬರಿಗಿವಿಯ ಕಿವಿ ಕಿವಿಯೆಂದಾಯಿತಲ್ಲ, ಹಾಗಾದರೆ ಅವಳ ಬಾಯಿಯೂ ಬಾಯಿಯೇ ಎಂದು ಒಬ್ಬೊಬ್ಬರಿಗೇ ತಿಳಿಯಿತು. ಕುಂಬಾರ ತಮ್ಮನ ಕಡೆ ನೋಡದೆ ನೆಲ ನೋಡಿದ. ಓದಿಸುವವನು ಬೆವರಿದ. ಹಿರಿಯ ಗಡ್ಡದ ಮೇಲಿಟ್ಟ ಕೈಯನ್ನು ಹಾಗೇ ನಿಲ್ಲಿಸಿದ. ಮೂವತ್ತು ವರ್ಷದ ಗುಟ್ಟು ಅವಳ ನಾಲಿಗೆಯ ಮೇಲಿತ್ತು.

‘ನಮ್ಮದೆಲ್ಲ…’ ಎಂದು ಶುರುಮಾಡಿದ ಹಿರಿಯ.

ಬರಿಗಿವಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು. ಅವರು ಅಷ್ಟು ಹೆದರಿದ್ದನ್ನು ಕಂಡು ಅವಳಿಗೆ ಕನಿಕರವೂ ಆಯಿತು, ಸ್ವಲ್ಪ ಖುಷಿಯೂ ಆಯಿತು.

‘ನನ್ನ ಕಿವಿ ಚುಚ್ಚಿದ್ದು ಇವತ್ತು ಮಧ್ಯಾಹ್ನ. ಅದಕ್ಕೆ ಮುಂಚಿನದು ಯಾವುದೂ ನನಗೆ ಕೇಳಿಸಿಲ್ಲ. ನಿಮ್ಮದೇ ಕಟ್ಟಳೆ’ ಎಂದಳು.

ಮೊದಲು ನಕ್ಕವನು ಓದಿಸುವವನು. ಆಮೇಲೆ ಮದುಮಗಳು, ಆಮೇಲೆ ಎಲ್ಲರೂ. ಅಂಥ ನಗು ಆ ಅಂಗಳದಲ್ಲಿ ಹಿಂದೆ ಕೇಳಿದ್ದಿಲ್ಲ. ಕುಂಬಾರ ಮಾತ್ರ ನಗಲಿಲ್ಲ. ಅವನು ತಮ್ಮನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಬೇಲಿಯ ಹತ್ತಿರ ನಿಂತು, ತಾನೇ ಏನೋ ಹೇಳತೊಡಗಿದ. ತಮ್ಮ ಕೇಳಿ, ‘ಗೊತ್ತಿತ್ತು ಬಿಡು’ ಎಂದ.

ಹಚ್ಚೆಯವಳು ಕೂಸಿನ ಕಿವಿ ವಾಸಿಯಾಗುವವರೆಗೆ ಉಳಿದಳು. ಅಕ್ಕಸಾಲಿಯ ಮಗಳು ಚಿನ್ನ ಎಳೆದು ಹೊಸ ಸೂಜಿ ಮಾಡಿದಳು. ಹಚ್ಚೆಯವಳು ಪಕ್ಕದಲ್ಲಿ ಕೂತು, ಕಿವಿಯ ಯಾವ ಜಾಗ ತೆಳು, ಯಾವ ಜಾಗ ಗಟ್ಟಿ ಎಂದು ಅವಳಿಗೆ ಬೆರಳಿನಿಂದ ತೋರಿಸಿಕೊಟ್ಟಳು. ಹುಣ್ಣಿಮೆಯ ಬೆಳಿಗ್ಗೆ ಅಕ್ಕಸಾಲಿಯ ಮಗಳು ಕೂಸಿಗೆ ಒಂದೇ ಸಲಕ್ಕೆ ಚುಚ್ಚಿದಳು. ಅಕ್ಕಸಾಲಿ ಬೆಲ್ಲ ಹಾಕಿದ. ಈ ಸಲ ಮಗಳು ಅವನ ಕೈ ಹಿಡಿದು ಕೂಸಿನ ಬಾಯಿ ತೋರಿಸಿದಳು. ‘ರಾಚವ್ವ’ ಎಂದು ಹೆಸರು ಹೇಳಿದ.

ಆ ಊರಿನ ಕಟ್ಟಳೆ ಪೂರ್ತಿ ಹೋಗಲಿಲ್ಲ. ಆದರೆ ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನವೇ ಹೆಸರಿಟ್ಟರು. ಕಿವಿ ಆಮೇಲೆ ಚುಚ್ಚಿದರಾಯಿತು ಎಂದರು, ಒಬ್ಬಿಬ್ಬರು ಚುಚ್ಚಿಸದೆಯೂ ಬಿಟ್ಟರು. ಹಿರಿಯ ಹಚ್ಚೆಯನ್ನು ಕೊನೆಯವರೆಗೂ ಮಸಿ ಎಂದೇ ಕರೆದ. ಅವನ ಹೆಂಡತಿ ಹಚ್ಚೆಯವಳು ಹೊರಡುವ ಹಿಂದಿನ ದಿನ ಮುಂಗೈ ಮೇಲೆ ಒಂದು ಪುಟ್ಟ ತೊಟ್ಟಿಲು ಹಾಕಿಸಿಕೊಂಡು, ಅವನಿಗೆ ಬಡಿಸುವಾಗ ಆ ಕೈಯಿಂದಲೇ ಬಡಿಸಿದಳು. ಅವನು ನೋಡಿದ, ಅನ್ನ ಕಲಸಿಕೊಂಡ.

ಬರಿಗಿವಿಗೂ ಹೆಸರು ಹೇಳಲು ಅಕ್ಕಸಾಲಿ ಬಂದ. ‘ಯಾವ ಹೆಸರು ಬೇಕು?’ ಎಂದು ಕೇಳಿದ. ‘ಅವಸರ ಇಲ್ಲ. ನಲವತ್ತೆರಡು ವರ್ಷ ಇಲ್ಲದ್ದು ಇನ್ನೂ ನಾಲ್ಕು ದಿನ ಇಲ್ಲದಿದ್ದರೆ ಏನಾಗುತ್ತದೆ?’ ಎಂದಳು. ದಿನಕ್ಕೊಂದು ಹೆಸರು ಹಾಕಿಕೊಂಡು ನೋಡಿದಳು. ಜನ ಕೆರೆಗೆ ಹೋಗುವಾಗ ಚಪ್ಪರದ ಮುಂದೆ ನಿಂತು ‘ಇವತ್ತೇನು?’ ಎಂದು ಕೇಳಿ ಹೋಗುತ್ತಿದ್ದರು. ಐದನೆಯ ದಿನ ಬಯಲವ್ವ ಎಂದಳು. ಆರನೆಯ ದಿನವೂ ಅದೇ ಎಂದಳು. ಅದೇ ನಿಂತಿತು.

ಒಂದು ಬೆಳಿಗ್ಗೆ ರಾಚವ್ವನ ತಾಯಿ ಮಗಳನ್ನು ಎತ್ತಿಕೊಂಡು ಬಂದು ಕಲ್ಲಿನ ಎದುರು ಕೂತಳು. ಬಯಲವ್ವ ಬೀಸುವುದನ್ನು ನಿಲ್ಲಿಸದೆ, ಅವಳು ಹೇಳಲೆಂದು ಕಾದಳು.

‘ನಿನಗೆ ಹೇಗಿದೆ?’ ಎಂದು ತಾಯಿ ಕೇಳಿದಳು.

ಬಯಲವ್ವನ ಕೈ ಕಲ್ಲಿನ ಗೂಟದ ಮೇಲೇ ನಿಂತಿತು. ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.

‘ಮಂಡಿ ನೋವು’ ಎಂದಳು.

‘ಎಷ್ಟು ದಿನದಿಂದ?’

‘ಎರಡು ವರ್ಷ ಆಯಿತು. ಎಡಗಡೆಯದು.’

‘ಹರಳೆಣ್ಣೆ ಹಚ್ಚಿದೆಯಾ?’

‘ಹಚ್ಚಿದೆ.’

‘ಬಿ‌ಸಿ ಮಾಡಿ ಹಚ್ಚಿದೆಯಾ?’

‘ಇಲ್ಲ.’

‘ಮತ್ತೆ ಹೇಗೆ ಹೋಗುತ್ತೆ ನೋವು!’ ಎಂದು ತಾಯಿ ಗದರಿದಳು. ತನ್ನನ್ನು ಒಬ್ಬರು ಗದರಿದ್ದು ಬಯಲವ್ವನಿಗೆ ಎಷ್ಟು ಹಿತವಾಯಿತೆಂದರೆ ಅವಳು ಕಲ್ಲು ಬಿಟ್ಟು, ಕಾಲು ಚಾಚಿ, ನೆಮ್ಮದಿಯಾಗಿ ಕಂಬಕ್ಕೆ ಒರಗಿ ಕೂತಳು. ಮಳೆಗಾಲದಲ್ಲಿ ಆ ಮಂಡಿ ಹೇಗೆ ಬಿಗಿಯುತ್ತದೆ ಎಂದು ಹೇಳಿದಳು. ಮೊದಲ ಸಲ ನೋವು ಬಂದ ದಿನ ಕೆರೆಯ ಮೆಟ್ಟಿಲ ಮೇಲೆ ಒಬ್ಬಳೇ ಎಷ್ಟು ಹೊತ್ತು ಕೂತಿದ್ದೆ ಎಂದು ಹೇಳಿದಳು. ಮಗು ತಾಯಿಯ ತೊಡೆಯ ಮೇಲೆ ನಿದ್ದೆ ಹೋಯಿತು. ಚಪ್ಪರದ ನೆರಳು ಆ ಕಡೆಯಿಂದ ಈ ಕಡೆಗೆ ಬಂತು. ಹೇಳುತ್ತಿದ್ದವಳು ಎಲ್ಲೋ ನಿಲ್ಲಿಸಿ, ಇಷ್ಟು ಸಾಕೇನೋ ಎಂದು ಎದುರಿಗಿದ್ದವಳ ಮುಖ ನೋಡಿದಳು.

‘ಆಮೇಲೆ?’ ಎಂದಳು ತಾಯಿ.